ಪ್ರಾಥಮಿಕ ವೈದ್ಯರ ನಿರಂತರ ಶಿಕ್ಷಣ: ಮೈಸೂರು

ಪದವಿ ಪಡೆದು ವೃತ್ತಿಗೆ ಇಳಿದ ವೈದ್ಯರು ತಮ್ಮ ತಿಳಿವಳಿಕೆಯನ್ನೂ ಕೌಶಲವನ್ನೂ ತೀರ್ಮಾನಶಕ್ತಿಯನ್ನೂ ಕಾಲಕ್ಕೆ ತಕ್ಕಂತೆ ಇಟ್ಟುಕೊಳ್ಳಲು ವೃತ್ತಿಜೀವನದ ಉದ್ದಕ್ಕೂ ನಡೆಸುವ ವ್ಯವಸ್ಥಿತ ಕಲಿಕೆಗೆ ನಿರಂತರ ವೈದ್ಯಕೀಯ ಶಿಕ್ಷಣ ಎಂದು ಹೆಸರು; ವೈದ್ಯರ ನಡುವಿನ ಮಾತಿನಲ್ಲಿ ಇದು ಸಿ.ಎಂ.ಇ. ಎಂದೇ ರೂಢಿಯಲ್ಲಿದೆ. ರೋಗಿ ಮೊದಲು ಕಾಣುವ ವೈದ್ಯರನ್ನು, ಅಂದರೆ ಬಡಾವಣೆಯ ಕ್ಲಿನಿಕ್ಕಿನ ಎಂ.ಬಿ.ಬಿ.ಎಸ್. ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳ ವೈದ್ಯಾಧಿಕಾರಿಗಳು ಹಾಗೂ ಕುಟುಂಬ ವೈದ್ಯರನ್ನು, ಒಟ್ಟಾಗಿ ಪ್ರಾಥಮಿಕ ವೈದ್ಯರು ಎನ್ನಲಾಗುತ್ತದೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಉಬ್ಬಸ, ಕ್ಷಯ, ಋತುಮಾನದ ಜ್ವರಗಳು, ಖಿನ್ನತೆ ಮೊದಲಾದ ವಯಸ್ಕರ ಸಾಮಾನ್ಯ ಕಾಯಿಲೆಗಳ ಬಹುಪಾಲು ಹೊರೆ ಇವರ ಮೇಜಿನ ಮುಂದೆಯೇ ಬಂದು ನಿಲ್ಲುವುದರಿಂದ, ಇವರ ಕಲಿಕೆ ನಿಂತಲ್ಲಿ ಇಡೀ ಊರಿನ ಚಿಕಿತ್ಸೆಯೂ ಅಲ್ಲಿಯೇ ನಿಲ್ಲುತ್ತದೆ.

ಎರಡು ದೊಡ್ಡ ವೈದ್ಯಕೀಯ ಕಾಲೇಜುಗಳು, ಸರ್ಕಾರಿ ಹೃದ್ರೋಗ ಆಸ್ಪತ್ರೆ, ಅಂತರರಾಷ್ಟ್ರೀಯ ಮನ್ನಣೆ ಪಡೆದ ಸಂಶೋಧನಾ ತಂಡಗಳು ಇವೆಲ್ಲ ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಮೈಸೂರು ನಗರ ಈ ವಿಷಯದ ಅಧ್ಯಯನಕ್ಕೆ ತಕ್ಕ ನೆಲೆಯಾಗಿದೆ. ಜ್ಞಾನ ಹುಟ್ಟುವ ಜಾಗವೂ ಅದು ಬಳಕೆಯಾಗಬೇಕಾದ ಕ್ಲಿನಿಕ್ಕೂ ಇಲ್ಲಿ ಅಕ್ಕಪಕ್ಕದಲ್ಲಿದ್ದರೂ ಒಂದರಿಂದ ಇನ್ನೊಂದಕ್ಕೆ ದಾರಿ ತಾನಾಗಿ ಬೀಳುವುದಿಲ್ಲ ಎಂಬುದು ಈ ನಗರದ ಅನುಭವ ಕಲಿಸುವ ಮುಖ್ಯ ಪಾಠ.

ಅಗತ್ಯ

ವೈದ್ಯಕೀಯ ಜ್ಞಾನ ಎರಡು ರೀತಿಯಲ್ಲಿ ಹಳತಾಗುತ್ತದೆ. ಹೊಸ ಔಷಧ, ಹೊಸ ಪರೀಕ್ಷೆ, ಹೊಸ ಅಳತೆಗಳು ಬಂದು ಸೇರಿಕೊಳ್ಳುವುದು ಒಂದು ಬಗೆ. ಒಂದು ಕಾಲದಲ್ಲಿ ಸರಿಯೆನಿಸಿದ್ದ ಚಿಕಿತ್ಸೆ ನಿರುಪಯೋಗಿ ಅಥವಾ ಅಪಾಯಕಾರಿ ಎಂದು ತಿಳಿದುಬರುವುದು ಇನ್ನೊಂದು ಬಗೆ. ಮೊದಲನೆಯದರ ಸುದ್ದಿಯನ್ನು ಔಷಧ ಕಂಪನಿಯ ಪ್ರತಿನಿಧಿ ಕ್ಲಿನಿಕ್ಕಿನ ಬಾಗಿಲಿಗೇ ತಂದು ಮುಟ್ಟಿಸುತ್ತಾನೆ. ಎರಡನೆಯದನ್ನು ಹೇಳುವುದರಿಂದ ಯಾರಿಗೂ ಲಾಭವಿಲ್ಲವಾದ್ದರಿಂದ ಅದನ್ನು ವೈದ್ಯರೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಎಂದೂ ಬಾರದ ವಯಸ್ಸಾದವರಿಗೆ ಮುನ್ನೆಚ್ಚರಿಕೆಯಾಗಿ ದಿನವೂ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳು, ಇಂಥವರಲ್ಲಿ ಆಸ್ಪಿರಿನ್‌ನಿಂದ ಸಿಗುವ ಅಲ್ಪ ಲಾಭವನ್ನು ರಕ್ತಸ್ರಾವದ ಅಪಾಯ ಬಹುಮಟ್ಟಿಗೆ ನುಂಗಿಹಾಕುತ್ತದೆ ಎಂದು ತೋರಿಸಿದವು. ಒಮ್ಮೆ ಹೃದಯಾಘಾತವಾದವರಿಗೆ ಆಸ್ಪಿರಿನ್ ಇಂದಿಗೂ ಅವಶ್ಯಕ. ಈ ಎರಡು ಗುಂಪುಗಳ ವ್ಯತ್ಯಾಸವನ್ನು ಗುರುತಿಸಿ, ವರ್ಷಗಳಿಂದ ನಡೆದುಬಂದ ಮಾತ್ರೆಯನ್ನು ಬೇಕಾದವರಿಗೆ ಉಳಿಸಿ ಬೇಡದವರಿಗೆ ನಿಲ್ಲಿಸುವುದು ಹೊಸ ಮಾತ್ರೆ ಬರೆಯುವುದಕ್ಕಿಂತ ಕಷ್ಟದ ಕೆಲಸ.

ಅನುಭವ ಹೆಚ್ಚಿದಂತೆ ಚಿಕಿತ್ಸೆಯ ಗುಣಮಟ್ಟವೂ ಹೆಚ್ಚುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನೂ ಸಂಶೋಧನೆ ಪ್ರಶ್ನಿಸಿದೆ. 2005ರಲ್ಲಿ ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವೃತ್ತಿಯಲ್ಲಿ ಹೆಚ್ಚು ವರ್ಷ ಕಳೆದವರು ಇತ್ತೀಚಿನ ಮಾನದಂಡಗಳನ್ನು ಪಾಲಿಸುವುದು ಕಡಿಮೆಯೆಂದು ಹೆಚ್ಚಿನ ಅಧ್ಯಯನಗಳಲ್ಲಿ ಕಂಡುಬಂತು. ರೋಗಿಯ ಮುಖ ನೋಡಿಯೇ ಅರ್ಧ ಕಾಯಿಲೆ ಹೇಳಬಲ್ಲ ಹಿರಿಯ ವೈದ್ಯರ ಅನುಭವ ಬೆಲೆಯುಳ್ಳದ್ದೇ. ಆದರೆ ಆ ಅನುಭವ ಓದಿನ ಬದಲಿಗೆ ನಿಲ್ಲಲಾರದು.

ಐತಿಹಾಸಿಕ ಹಿನ್ನೆಲೆ

ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ವರ್ಗವಾಯಿತು. ಇಂದು ಮೈಸೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂದು ಕರೆಯಲಾಗುವ ಈ ಕಾಲೇಜಿಗೆ, ಊರವರು ದೊಡ್ಡಾಸ್ಪತ್ರೆ ಎನ್ನುವ ಕೃಷ್ಣರಾಜೇಂದ್ರ ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳ ಚೆಲುವಾಂಬ ಆಸ್ಪತ್ರೆ ಹಾಗೂ ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನ ಪಿ.ಕೆ.ಟಿ.ಬಿ. ಆಸ್ಪತ್ರೆ ಕಲಿಕೆಯ ನೆಲೆಗಳಾದವು. 1984ರಲ್ಲಿ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಅದೇ ವರ್ಷ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಹೆಗ್ಗಡದೇವನಕೋಟೆ ಸೀಮೆಯ ಕಾಡಂಚಿನ ಜನರಿಗಾಗಿ ಸರಗೂರಿನಲ್ಲಿ ಆಸ್ಪತ್ರೆಯನ್ನು ಬೆಳೆಸಿದರು.

ಕಾಲೇಜಿನ ಹೊರಗಿರುವ ವೈದ್ಯರ ಕಲಿಕೆಗೆ ಬಹುಕಾಲ ಆಸರೆಯಾದದ್ದು ವೃತ್ತಿಸಂಘಗಳು. 1928ರಲ್ಲಿ ಸ್ಥಾಪಿತವಾದ ಭಾರತೀಯ ವೈದ್ಯಕೀಯ ಸಂಘ, ಅಂದರೆ ಐ.ಎಂ.ಎ., ಸಾಮಾನ್ಯ ವೈದ್ಯರಿಗಾಗಿಯೇ 1963ರಲ್ಲಿ ಪ್ರತ್ಯೇಕ ಕಾಲೇಜ್ ಆಫ್ ಜನರಲ್ ಪ್ರಾಕ್ಟಿಷನರ್ಸ್ ಎಂಬ ಶೈಕ್ಷಣಿಕ ಅಂಗವನ್ನು ತೆರೆಯಿತು. ಸಂಘದ ಮೈಸೂರು ಶಾಖೆ ನಗರದ ಖಾಸಗಿ ವೈದ್ಯರು ಕಲೆಯುವ ಮುಖ್ಯ ವೇದಿಕೆ. ಆಂತರಿಕ ರೋಗಗಳ ತಜ್ಞರ ಸಂಘವಾದ ಅಸೋಸಿಯೇಷನ್ ಆಫ್ ಫಿಜಿಷಿಯನ್ಸ್ ಆಫ್ ಇಂಡಿಯಾ 1944ರಲ್ಲಿ ಹುಟ್ಟಿತು. ಅದರ ಪಠ್ಯಪುಸ್ತಕ 1969ರಲ್ಲಿ ಮೊದಲು ಅಚ್ಚಾಗಿ, ಭಾರತದ ರೋಗಸ್ಥಿತಿಯನ್ನು ಭಾರತೀಯರೇ ವಿವರಿಸಿದ ಆಕರಗ್ರಂಥವಾಗಿ ಅನೇಕ ತಲೆಮಾರುಗಳ ವೈದ್ಯರ ಮೇಜಿನ ಮೇಲೆ ಉಳಿಯಿತು.

ಕಾನೂನಿನ ಚೌಕಟ್ಟು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು, ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ನಿರಂತರ ಶಿಕ್ಷಣದ ಕಾರ್ಯಕ್ರಮಗಳಲ್ಲಿ ಭಾಗವಹಿಸಬೇಕೆಂದು ವಿಧಿಸಿದವು. ಕರ್ನಾಟಕದಲ್ಲಿ 1961ರ ವೈದ್ಯಕೀಯ ನೋಂದಣಿ ಕಾಯ್ದೆಯಡಿ ಕೆಲಸ ಮಾಡುವ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಗಂಟೆಗಳನ್ನು ಐದು ವರ್ಷಕ್ಕೊಮ್ಮೆ ನಡೆಯುವ ನೋಂದಣಿ ನವೀಕರಣದೊಂದಿಗೆ ಜೋಡಿಸಿದೆ. ಕಾರ್ಯಕ್ರಮ ನಡೆಸುವ ಸಂಸ್ಥೆ ಮೊದಲೇ ಪರಿಷತ್ತಿನ ಒಪ್ಪಿಗೆ ಪಡೆಯುತ್ತದೆ, ಪರಿಷತ್ತು ಗಂಟೆಗಳ ಲೆಕ್ಕದಲ್ಲಿ ಅಂಕ ನಿಗದಿಮಾಡುತ್ತದೆ, ಹಾಜರಾದವರಿಗೆ ಪ್ರಮಾಣಪತ್ರ ಸಿಗುತ್ತದೆ. ವೈದ್ಯರ ಬಾಯಲ್ಲಿ ಇವು ಕ್ರೆಡಿಟ್ ಅವರ್ಸ್ ಅಥವಾ ಬರೀ ಪಾಯಿಂಟ್ಸ್.

2019ರ ಕಾಯ್ದೆಯಂತೆ ರಚಿತವಾಗಿ ಸೆಪ್ಟೆಂಬರ್ 2020ರಲ್ಲಿ ಹಳೆಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2 ಆಗಸ್ಟ್ 2023ರಂದು ಹೊಸ ನಡವಳಿಕೆ ನಿಯಮಗಳನ್ನು ಪ್ರಕಟಿಸಿತು. ಅವುಗಳಲ್ಲಿಯೂ ಐದು ವರ್ಷಕ್ಕೆ 30 ಅಂಕಗಳ ನಿರಂತರ ಕಲಿಕೆಯ ವಿಧಿ ಇದ್ದು, ಔಷಧ ಕಂಪನಿಗಳ ಪ್ರಾಯೋಜಕತ್ವಕ್ಕೆ ಕಟ್ಟುನಿಟ್ಟಾದ ತಡೆಯಿತ್ತು. ಮೂರೇ ವಾರಗಳಲ್ಲಿ, ಆಗಸ್ಟ್ 23ರಂದು, ಈ ನಿಯಮಗಳನ್ನು ತಡೆಹಿಡಿದು 2002ರ ನಿಯಮಗಳನ್ನೇ ಮುಂದುವರಿಸಲಾಯಿತು. ವರ್ಷಕ್ಕೆ ಸರಾಸರಿ ಆರು ಗಂಟೆಯೆಂದರೆ ಒಂದು ಭಾನುವಾರದ ಕೆಲಸ. ಕಾನೂನು ಹಾಜರಿಯನ್ನು ಎಣಿಸಬಲ್ಲದೇ ಹೊರತು, ಸೋಮವಾರ ಬೆಳಿಗ್ಗೆ ಬರೆದ ಔಷಧ ಚೀಟಿ ಬದಲಾಯಿತೇ ಎಂಬುದನ್ನು ಕೇಳುವುದಿಲ್ಲ.

ಕಲಿಕೆಯ ವಿಷಯಗಳು

ರಕ್ತದೊತ್ತಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆಯ 2023ರ ಪ್ರಕಟಣೆಯಂತೆ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಎಷ್ಟಿದ್ದರೆ ಅಧಿಕ ಎಂಬ ಪ್ರಶ್ನೆಗೆ ಉತ್ತರ ಒಂದೇ ಆಗಿಲ್ಲ: 2017ರ ಅಮೆರಿಕದ ಮಾರ್ಗಸೂಚಿ 130/80ಕ್ಕೇ ಗೆರೆ ಎಳೆದರೆ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೃದ್ರೋಗವಾಗಲಿ ಬೇರೆ ಅಪಾಯವಾಗಲಿ ಇಲ್ಲದವರಲ್ಲಿ 140/90 ಮುಟ್ಟಿದ ಮೇಲೆ ಔಷಧ ಆರಂಭಿಸಲು ಹೇಳುತ್ತದೆ. ಅಂಕಿಯ ಬಗ್ಗೆ ನಡೆಯುವ ಚರ್ಚೆಗೆ ಹೋಲಿಸಿದರೆ ಅಳೆಯುವ ಕ್ರಮದ ಬಗ್ಗೆ ನಡೆಯುವ ಚರ್ಚೆ ಕಡಿಮೆ. ಮೆಟ್ಟಿಲು ಹತ್ತಿ ಬಂದ ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತನಾಡಿಸುತ್ತಲೇ ಒಮ್ಮೆ ನೋಡಿ ಬರೆದುಕೊಳ್ಳುವ ಬಿಪಿ ನಿಜವಾದ ಬಿಪಿ ಅಲ್ಲ. ಬೆನ್ನಿಗೆ ಆಸರೆ ಕೊಟ್ಟು, ಕಾಲುಗಳನ್ನು ನೆಲಕ್ಕೆ ಊರಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ಬರಿದೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಇರಿಸಿ, ಕನಿಷ್ಠ ಎರಡು ಬಾರಿ ಅಳೆಯಬೇಕು. ಪಟ್ಟಿಯ ಅಳತೆಯೂ ಮುಖ್ಯ: ಅತಿ ದಪ್ಪ ತೋಳಿಗೆ ಬೇಕಾದ ದೊಡ್ಡ ಪಟ್ಟಿಯ ಬದಲು ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚಾಗಿ ತೋರುತ್ತದೆಂದು 2023ರ ಅಧ್ಯಯನವೊಂದು ಕಂಡುಕೊಂಡಿತು. ಇಲ್ಲದ ಕಾಯಿಲೆಗೆ ಜೀವನಪರ್ಯಂತ ಮಾತ್ರೆ ಬರೆಯಲು ಅಷ್ಟು ಸಾಕು.

ಮಧುಮೇಹ. ಇದೇ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳನ್ನೂ, ಮಧುಮೇಹದ ಹೊಸ್ತಿಲಲ್ಲಿರುವ 13.6 ಕೋಟಿ ಜನರನ್ನೂ ಅಂದಾಜು ಮಾಡಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.5 ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಮಧುಮೇಹದ ಗುರುತೆಂದು ಅಮೆರಿಕದ ಮಧುಮೇಹ ಸಂಘ 2010ರಲ್ಲಿ ಒಪ್ಪಿತು. ಆದರೆ ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆಯಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇರುವುದರಿಂದ, ಅನ್ಯದೇಶದ ಮಾರ್ಗಸೂಚಿಯನ್ನು ಇದ್ದಂತೆಯೇ ಇಲ್ಲಿಗೆ ಇಳಿಸಿಕೊಂಡರೆ ಎಡವುವ ಸಂಭವ ಉಂಟು. ಅನುಮಾನವಿದ್ದಲ್ಲಿ ಬರಿಹೊಟ್ಟೆಯ ಹಾಗೂ ಊಟದ ನಂತರದ ಸಕ್ಕರೆಯನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ.

ಚಿಕಿತ್ಸೆಯ ಗುರಿಯೂ ಬದಲಾಗಿದೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಎಸ್‌ಜಿಎಲ್‌ಟಿ-2 ತಡೆಗಳೆಂಬ ಮಾತ್ರೆಗಳು ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡುತ್ತವೆ ಎಂದು 2015ರಿಂದ 2020ರವರೆಗಿನ ದೊಡ್ಡ ಪ್ರಯೋಗಗಳು ತೋರಿಸಿದ ಮೇಲೆ, ಸಕ್ಕರೆಯ ಅಂಕಿಯೊಂದನ್ನೇ ನೋಡುತ್ತಿದ್ದ ದೃಷ್ಟಿ ಹೃದಯ, ಮೂತ್ರಪಿಂಡಗಳ ಕಡೆಗೂ ಹೊರಳಿತು. ಈ ಜ್ಞಾನ ಭಾರತದ ಸಾಮಾನ್ಯ ರೋಗಿಯನ್ನು ಮುಟ್ಟಲು ಇನ್ನೊಂದು ಘಟನೆ ಬೇಕಾಯಿತು: ಈ ಗುಂಪಿನ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮಾರ್ಚ್ 2025ರಲ್ಲಿ ಮುಗಿದು, ಹಲವು ಕಂಪನಿಗಳ ಅಗ್ಗದ ಮಾತ್ರೆಗಳು ಮಾರುಕಟ್ಟೆಗೆ ಬಂದವು. ಔಷಧ ಕೈಗೆಟುಕಿದಾಗ ಅದನ್ನು ಯಾರಿಗೆ ಕೊಡಬಾರದು, ಉಪವಾಸ ಮತ್ತು ವಾಂತಿಭೇದಿಯ ದಿನಗಳಲ್ಲಿ ಏಕೆ ನಿಲ್ಲಿಸಬೇಕು, ಜನನಾಂಗದ ಶಿಲೀಂಧ್ರ ಸೋಂಕಿನ ಬಗ್ಗೆ ರೋಗಿಗೆ ಹೇಗೆ ಹೇಳಬೇಕು ಎಂಬ ಕಲಿಕೆ ಪ್ರಾಥಮಿಕ ವೈದ್ಯರಿಗೆ ಒಮ್ಮೆಗೇ ಅಗತ್ಯವಾಯಿತು.

ಈ ಸಂದರ್ಭದಲ್ಲಿ ಮೈಸೂರಿನದೇ ಸಂಶೋಧನೆ ಗಮನಾರ್ಹ. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹೆರಿಗೆಯಾದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಹಾಗೆ ಹುಟ್ಟಿ ಬೆಳೆದು ಅದೇ ಊರಿನಲ್ಲಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿದ್ದರೆ, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ ಇತ್ತು. 45 ವರ್ಷ ದಾಟಿದವರಲ್ಲಿ ಈ ಸಂಬಂಧ ಇನ್ನೂ ಎದ್ದು ಕಂಡಿತು. ಮುಂದೆ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಕುರಿತ, ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನದಲ್ಲಿ ಶೇ. 43 ಮಂದಿಗೆ ವಿಟಮಿನ್ ಬಿ12 ಕೊರತೆ ಕಂಡುಬಂದು, ಕೊರತೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ ಹೆಚ್ಚಾಗಿತ್ತೆಂದು 2009ರಲ್ಲಿ ವರದಿಯಾಯಿತು. ಮಧುಮೇಹಕ್ಕೆ ಮೊದಲು ಬರೆಯುವ ಮೆಟ್‌ಫಾರ್ಮಿನ್ ದೀರ್ಘಕಾಲ ಬಳಸಿದಾಗ ಬಿ12 ಇನ್ನಷ್ಟು ಕುಗ್ಗುವುದರಿಂದ, ಎಂಟು ಹತ್ತು ವರ್ಷ ಮೆಟ್‌ಫಾರ್ಮಿನ್ ನುಂಗಿದ ಸಸ್ಯಾಹಾರಿ ರೋಗಿಯೊಬ್ಬರು ಪಾದ ಜುಮುಗುಟ್ಟುತ್ತದೆ ಎಂದು ಬಂದರೆ, ಶುಗರ್‌ನಿಂದ ನರ ಕೆಟ್ಟಿದೆ ಎಂದು ಕೈಬಿಡುವ ಮೊದಲು ಬಿ12 ಪರೀಕ್ಷಿಸಬೇಕೆಂಬ ವಿವೇಕ ಇಂಥ ಸ್ಥಳೀಯ ಅಂಕಿಗಳಿಂದ ಬಲ ಪಡೆಯುತ್ತದೆ.

ಹೃದ್ರೋಗ. ಎದೆ ಉರಿ, ಹೊಟ್ಟೆಯ ಮೇಲ್ಭಾಗದ ನೋವು, ಬೆವರು ಇವನ್ನೆಲ್ಲ ಗ್ಯಾಸ್ಟ್ರಿಕ್ ಎಂಬ ಒಂದೇ ಮಾತಿನಲ್ಲಿ ಹೇಳುವುದು ಮೈಸೂರು ಸೀಮೆಯ ರೋಗಿಗಳ ರೂಢಿ. ಹೃದಯದ ತಳಭಾಗದ ಆಘಾತವೂ ಇದೇ ಮಾತಿನ ಮರೆಯಲ್ಲಿ ಕ್ಲಿನಿಕ್ಕಿಗೆ ಬರಬಹುದು. ಹೃದಯದ ರಕ್ತನಾಳ ಪೂರ್ಣ ಕಟ್ಟಿಕೊಂಡಾಗ ಹೆಪ್ಪು ಕರಗಿಸುವ ಔಷಧ ಮೊದಲ ಗಂಟೆಗಳಲ್ಲಿ ಹೆಚ್ಚು ಫಲಕಾರಿಯಾಗಿದ್ದು, ಸಾಮಾನ್ಯವಾಗಿ 12 ಗಂಟೆಗಳೊಳಗೆ ಕೊಡಬೇಕಾದ್ದರಿಂದ, ಆ್ಯಂಟಾಸಿಡ್ ಕೊಟ್ಟು ಕಳುಹಿಸುವ ಮುನ್ನ ಇಸಿಜಿ ತೆಗೆಸುವುದು ಪ್ರಾಥಮಿಕ ವೈದ್ಯರ ಕಲಿಕೆಯಲ್ಲಿ ಮೊದಲ ಪಾಠವಾಗಬೇಕು. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಹೃದ್ರೋಗ ಕೇಂದ್ರಕ್ಕೆ ರವಾನೆಯಾಗಿ, ಅಲ್ಲಿಂದ ಬಂದ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ಒಂದೇ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಏರ್ಪಾಡಿದೆ; ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಈ ಭಾಗದ ಆಸರೆ. ಜುಲೈ 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಗೆ ಹೆದರಿದ ಜನ ಬೆಳಗಿನ ಜಾವದಿಂದಲೇ ಇದೇ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಯಾರಿಗೆ ಯಾವ ಪರೀಕ್ಷೆ ಬೇಕು, ಯಾರಿಗೆ ಧೈರ್ಯದ ಮಾತು ಸಾಕು ಎಂದು ಬಡಾವಣೆಯ ಮಟ್ಟದಲ್ಲೇ ವಿಂಗಡಿಸಬಲ್ಲ, ಜನ ನಂಬುವ ವೈದ್ಯರ ಬೆಲೆ ಆ ದಿನಗಳಲ್ಲಿ ಎಲ್ಲರಿಗೂ ಕಾಣುವಂತಾಯಿತು.

ಶ್ವಾಸಕೋಶದ ಕಾಯಿಲೆಗಳು. ಉಬ್ಬಸಕ್ಕೆ ಕೂಡಲೇ ಆರಾಮ ಕೊಡುವ ಸಾಲ್ಬುಟಮಾಲ್ ಒಂದನ್ನೇ ನಂಬುವುದು ಸರಿಯಲ್ಲವೆಂದೂ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗಿರಲೇಬೇಕೆಂದೂ ಅಂತರರಾಷ್ಟ್ರೀಯ ಸಂಸ್ಥೆ ಜಿನಾ 2019ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಪಂಪು ಚಟವಾಗುತ್ತದೆ ಎಂಬ ರೋಗಿಗಳ ಭಯವನ್ನು ಬಿಡಿಸುವುದೂ, ಅದನ್ನು ಎಳೆದುಕೊಳ್ಳುವ ಕ್ರಮವನ್ನು ಕೈಹಿಡಿದು ಕಲಿಸುವುದೂ ಔಷಧದ ಹೆಸರು ತಿಳಿದಿರುವಷ್ಟೇ ಮುಖ್ಯ. ದೀರ್ಘಕಾಲದ ಕೆಮ್ಮು, ದಮ್ಮುಗಳನ್ನು ಧೂಮಪಾನಕ್ಕಷ್ಟೇ ಗಂಟುಹಾಕುವ ಪಠ್ಯಪುಸ್ತಕದ ಅಭ್ಯಾಸವನ್ನು ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ತಿದ್ದಿತು. ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಅಡುಗೆ ಮಾಡಿದರೋ ಅದನ್ನು ವರ್ಷಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಹೊಗೆಯ ಸೂಚ್ಯಂಕ 60 ಮುಟ್ಟಿದ ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಣನೀಯವಾಗಿ ಏರುತ್ತದೆಂದು 2013ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಿಳಿಸುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಒಲೆ ಊದಿದ ತಾಯಿ, ಬೀಡಿಯನ್ನೇ ಮುಟ್ಟದಿದ್ದರೂ, ಈ ಗೆರೆಯನ್ನು ತಲುಪಿರುತ್ತಾಳೆ. ಬೀಡಿ ಸೇದುತ್ತೀರಾ ಎಂಬ ಪ್ರಶ್ನೆಯ ಪಕ್ಕದಲ್ಲಿ ಒಲೆ ಯಾವುದು, ಎಷ್ಟು ವರ್ಷದಿಂದ ಎಂಬ ಪ್ರಶ್ನೆಯನ್ನೂ ಸೇರಿಸಲು ಖರ್ಚೇನೂ ಇಲ್ಲ.

ಕ್ಷಯ ಮತ್ತು ಜ್ವರಗಳು. ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ. ಕಫದಲ್ಲಿ ರೋಗಾಣುವಿನ ವಂಶವಾಹಿಯನ್ನೂ ರಿಫಾಂಪಿಸಿನ್ ನಾಟುತ್ತದೆಯೇ ಇಲ್ಲವೇ ಎಂಬುದನ್ನೂ ಗಂಟೆಗಳಲ್ಲಿ ಹೇಳುವ ಪರೀಕ್ಷೆಗಳು ಸೂಕ್ಷ್ಮದರ್ಶಕದ ಪರೀಕ್ಷೆಗಿಂತ ಮುಂದೆ ನಿಂತಿವೆ. ವಾರಕ್ಕೆ ಮೂರು ದಿನದ ಔಷಧ ಕ್ರಮದ ಬದಲು 2017ರಿಂದ ದಿನವೂ ಕೊಡುವ ಕ್ರಮ ಬಂದಿದೆ. ಮಳೆಗಾಲದ ಜ್ವರದಲ್ಲಿ ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ನೆರವಾಗುತ್ತದೆ, ಪ್ಲೇಟ್‌ಲೆಟ್ ಎಣಿಕೆ ಇಳಿದ ಮಾತ್ರಕ್ಕೆ ಪ್ಲೇಟ್‌ಲೆಟ್ ಕೊಡಬೇಕಿಲ್ಲ, ಒಮ್ಮೆ ಮಾಡಿದ ವಿಡಾಲ್ ಪರೀಕ್ಷೆಯನ್ನು ನಂಬಿ ವಿಷಮಶೀತ ಜ್ವರವೆಂದು ತೀರ್ಮಾನಿಸಬಾರದು ಎಂಬ ಮಾತುಗಳು ಪ್ರತಿ ವರ್ಷವೂ ಹೊಸದಾಗಿ ಹೇಳಬೇಕಾದವು. ಪೊದೆ, ಹುಲ್ಲುಗಳಲ್ಲಿನ ನುಸಿಗಳ ಮರಿಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳು, ತೊಡೆಸಂದುಗಳಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆಯನ್ನು ಹುಡುಕಿದವರಿಗೆ, ಅಗ್ಗದ ಡಾಕ್ಸಿಸೈಕ್ಲಿನ್‌ನಲ್ಲಿ ಜ್ವರ ಇಳಿಸುವ ದಾರಿ ಕಾಣುತ್ತದೆ. ಅಂಗಿ ಬಿಚ್ಚಿಸದೆ ನೋಡಿದವರಿಗೆ ಅದು ಹೆಸರಿಲ್ಲದ ವೈರಲ್ ಜ್ವರವಾಗಿಯೇ ಉಳಿಯುತ್ತದೆ.

ಮಾನಸಿಕ ಆರೋಗ್ಯ. ತಲೆನೋವು, ಸುಸ್ತು, ನಿದ್ದೆಯಿಲ್ಲ ಎಂದು ಪದೇಪದೇ ಬರುವವರಲ್ಲಿ ಖಿನ್ನತೆ, ಆತಂಕಗಳನ್ನು ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ಪ್ರಾಥಮಿಕ ವೈದ್ಯರಿಗಾಗಿ ಸಂಕ್ಷಿಪ್ತ ಚಿಕಿತ್ಸಾ ಕೈಪಿಡಿಯನ್ನು ರೂಪಿಸಿದೆ. ಮನೋವೈದ್ಯರು ವಿಡಿಯೊ ಮೂಲಕ ಪ್ರಾಥಮಿಕ ವೈದ್ಯರ ಹೊರರೋಗಿ ವಿಭಾಗಕ್ಕೇ ಬಂದು, ಅವರದೇ ರೋಗಿಗಳನ್ನು ಜೊತೆಯಾಗಿ ನೋಡುತ್ತ ಕಲಿಸುವ ವಿಧಾನ ನಿಮ್ಹಾನ್ಸ್‌ನ ತರಬೇತಿಯ ವಿಶೇಷ.

ವಿಧಾನಗಳು ಮತ್ತು ಅವುಗಳ ಫಲ

ಸಂಜೆ ಕ್ಲಿನಿಕ್ ಮುಗಿಸಿ ಹೋಟೆಲಿನ ಸಭಾಂಗಣದಲ್ಲಿ ತಜ್ಞರ ಉಪನ್ಯಾಸ ಕೇಳಿ, ಊಟ ಮಾಡಿ, ಪ್ರಮಾಣಪತ್ರದೊಂದಿಗೆ ಮನೆಗೆ ಮರಳುವುದು ಮೈಸೂರಿನಲ್ಲಿಯೂ ಬಹುಕಾಲದ ರೂಢಿ. ಇಂಥ ಸಭೆಗಳ ಫಲವನ್ನು ಅಳೆದ ಕೊಕ್ರೇನ್ ವಿಮರ್ಶೆ, ಅಂದರೆ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಬಗೆಯ ಅಧ್ಯಯನ, 2009ರಲ್ಲಿ ಶೈಕ್ಷಣಿಕ ಸಭೆಗಳಿಂದ ವೈದ್ಯರ ನಡವಳಿಕೆಯಲ್ಲಿ ಆಗುವ ಸುಧಾರಣೆ ನೂರಕ್ಕೆ ಆರರಷ್ಟು ಎಂದು ಕಂಡುಕೊಂಡಿತು. ಬರೀ ಉಪನ್ಯಾಸಕ್ಕಿಂತ ಚರ್ಚೆ ಹಾಗೂ ಕೈಯಾರೆ ಮಾಡುವ ಅಭ್ಯಾಸಗಳು ಬೆರೆತಾಗ ಫಲ ಹೆಚ್ಚು.

ತಿಳಿದಿರುವುದಕ್ಕೂ ಮಾಡುವುದಕ್ಕೂ ನಡುವೆ ಕಂದಕವಿದೆ ಎಂಬುದಕ್ಕೆ ಭಾರತದಲ್ಲಿಯೇ ಆಧಾರವಿದೆ. ತರಬೇತಿ ಪಡೆದ ನಟರನ್ನು ಕ್ಷಯದ ಲಕ್ಷಣಗಳೊಂದಿಗೆ ದೆಹಲಿಯ ಕ್ಲಿನಿಕ್‌ಗಳಿಗೆ ಕಳುಹಿಸಿದ 2015ರ ಅಧ್ಯಯನದಲ್ಲಿ 250 ಭೇಟಿಗಳ ಪೈಕಿ 52ರಲ್ಲಿ ಮಾತ್ರ ಸರಿಯಾದ ಕ್ರಮ ಕಂಡುಬಂತು. ಪ್ರಶ್ನೋತ್ತರದಲ್ಲಿ ಸರಿಯಾಗಿ ಹೇಳಿದ್ದನ್ನು ರೋಗಿಯ ಮುಂದೆ ಮಾಡದವರು ಅವರಲ್ಲಿದ್ದರು. ಕಿಕ್ಕಿರಿದ ಸಾಲು, ಪರೀಕ್ಷೆಗೆ ದುಡ್ಡಿಲ್ಲದ ರೋಗಿ, ಸೂಜಿ ಹಾಕಿ ಎಂಬ ಒತ್ತಾಯ ಇವು ಜ್ಞಾನದ ಕೊರತೆಗಳಲ್ಲ. ಆದ್ದರಿಂದ ಉಪನ್ಯಾಸ ಇವನ್ನು ನೀಗಿಸಲಾರದು.

ಈ ಕಂದಕವನ್ನು ತುಂಬಲು ಬೇರೆ ಮಾದರಿಗಳು ಬಂದಿವೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರ 2003ರಲ್ಲಿ ಆರಂಭಿಸಿದ ಎಕೊ ಮಾದರಿಯಲ್ಲಿ ದೂರದ ವೈದ್ಯರು ತಮ್ಮ ರೋಗಿಗಳ ವಿವರವನ್ನೇ ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಮತ್ತು ಚೆನ್ನೈನ ಡಾ. ಮೋಹನ್ಸ್ ಸಂಸ್ಥೆಗಳು 2010ರಿಂದ ನಡೆಸುತ್ತಿರುವ ಮಧುಮೇಹ ಸರ್ಟಿಫಿಕೇಟ್ ಕೋರ್ಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ದೂರಶಿಕ್ಷಣದ ಕುಟುಂಬ ವೈದ್ಯಕೀಯ ಕೋರ್ಸ್ ಇವು ಕ್ಲಿನಿಕ್ ಮುಚ್ಚದೆಯೇ ಓದುವ ದಾರಿಗಳು. ಐ.ಸಿ.ಎಂ.ಆರ್. 2019ರಿಂದ ಪ್ರಕಟಿಸುತ್ತಿರುವ ಚಿಕಿತ್ಸಾ ಕ್ರಮಪಟ್ಟಿಗಳು ಒಂದು ಕಾಯಿಲೆಯ ನಿರ್ವಹಣೆಯನ್ನು ಒಂದೇ ಹಾಳೆಯಲ್ಲಿ ಚಿತ್ರಿಸಿ, ಗೋಡೆಗೆ ಅಂಟಿಸಬಹುದಾದ ರೂಪದಲ್ಲಿ ಕೊಡುತ್ತವೆ. ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗಳು ಹೆಚ್ಚಿ, ಹುಣಸೂರಿನ ವೈದ್ಯರಿಗೂ ಸರಸ್ವತಿಪುರಂನ ವೈದ್ಯರಿಗೂ ಒಂದೇ ಅವಕಾಶ ಸಿಕ್ಕಿತು.

ಪ್ರಾಯೋಜಕತ್ವದ ಪ್ರಶ್ನೆ

ಸಭಾಂಗಣ, ಊಟ, ಭಾಷಣಕಾರರ ಪ್ರಯಾಣ ಇವುಗಳ ವೆಚ್ಚವನ್ನು ಔಷಧ ಕಂಪನಿಗಳು ಹೊರುವ ಪದ್ಧತಿ ದೇಶದಾದ್ಯಂತ ಬೇರೂರಿದೆ. ಕಲಿಕೆಯ ವಿಷಯವನ್ನು ಹಣ ಕೊಡುವವರು ಆರಿಸಿದಾಗ ದುಬಾರಿ ಹೊಸ ಮಾತ್ರೆಗೆ ವೇದಿಕೆ ಸಿಗುತ್ತದೆ; ಉಪ್ಪು ಕಡಿಮೆ ಮಾಡುವುದಕ್ಕಾಗಲಿ, ಅನಗತ್ಯವಾದ ಆ್ಯಂಟಿಬಯೋಟಿಕ್ ನಿಲ್ಲಿಸುವುದಕ್ಕಾಗಲಿ, ವರ್ಷಗಟ್ಟಲೆ ನುಂಗುವ ಆಮ್ಲನಿರೋಧಕ ಮಾತ್ರೆ ಬಿಡಿಸುವುದಕ್ಕಾಗಲಿ ಪ್ರಾಯೋಜಕರು ಸಿಗುವುದು ವಿರಳ. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರಯಾಣವೆಚ್ಚ, ಆತಿಥ್ಯ ಪಡೆಯುವುದನ್ನು 2002ರ ನಡವಳಿಕೆ ನಿಯಮಗಳಿಗೆ ಡಿಸೆಂಬರ್ 2009ರಲ್ಲಿ ತಂದ ತಿದ್ದುಪಡಿ ನಿಷೇಧಿಸಿತು. ಮಾರ್ಚ್ 2024ರ ಔಷಧ ಮಾರಾಟದ ಏಕರೂಪ ಸಂಹಿತೆ ಕಂಪನಿಗಳನ್ನೇ ಗುರಿಯಾಗಿಸಿ, ವಿದೇಶದಲ್ಲಿ ಇಂಥ ಶಿಕ್ಷಣ ಕಾರ್ಯಕ್ರಮ ನಡೆಸುವುದನ್ನು ತಡೆದು, ದೇಶದೊಳಗಿನ ಕಾರ್ಯಕ್ರಮಗಳ ಖರ್ಚು ಪಾರದರ್ಶಕವಾಗಿರಬೇಕೆಂದಿತು.

ಇಂದಿನ ಸ್ಥಿತಿ

ನಿರಂತರ ಶಿಕ್ಷಣವನ್ನು ಗಂಟೆಗಳಿಂದ ಅಳೆಯುವ ಕ್ರಮದ ಪಕ್ಕದಲ್ಲಿ ರೋಗಿಯ ಸ್ಥಿತಿಯಿಂದ ಅಳೆಯುವ ಇನ್ನೊಂದು ಕ್ರಮ ನಿಧಾನವಾಗಿ ಬೆಳೆಯುತ್ತಿದೆ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಇದಕ್ಕೆ ದಾರಿ ತೋರಿತು: ಎಲ್ಲರಿಗೂ ಒಂದೇ ಸರಳ ಔಷಧ ಕ್ರಮ, ಮಾತ್ರೆಯ ನಿಲ್ಲದ ಪೂರೈಕೆ, ನರ್ಸುಗಳನ್ನೂ ಸೇರಿಸಿಕೊಂಡ ತಂಡದ ಕೆಲಸ, ಮತ್ತು ನೋಂದಾಯಿತ ರೋಗಿಗಳಲ್ಲಿ ಎಷ್ಟು ಮಂದಿಯ ಬಿಪಿ ಹತೋಟಿಯಲ್ಲಿದೆ ಎಂದು ಮೂರು ತಿಂಗಳಿಗೊಮ್ಮೆ ತೆಗೆಯುವ ಲೆಕ್ಕ ಅದರ ಕಂಬಗಳು. ಈ ಲೆಕ್ಕದಲ್ಲಿ ವೈದ್ಯರಿಗೆ ತಾವು ಕಲಿತದ್ದರ ಫಲ ತಮ್ಮದೇ ದಾಖಲೆ ಪುಸ್ತಕದಲ್ಲಿ ಕಾಣಿಸುತ್ತದೆ, ಮುಂದೆ ಏನು ಕಲಿಯಬೇಕೆಂಬುದೂ ಅಲ್ಲಿಯೇ ಸಿಗುತ್ತದೆ. ಖಾಸಗಿ ಕ್ಲಿನಿಕ್‌ಗಳಲ್ಲಿ ಇಂಥ ಲೆಕ್ಕವಿಡುವ ಪದ್ಧತಿ ಇನ್ನೂ ಅಪರೂಪ. ರೋಗಿಯ ಇತಿಹಾಸ ಹೆಚ್ಚಾಗಿ ರೋಗಿಯ ಕೈಚೀಲದ ಹಳೆಯ ಚೀಟಿಗಳಲ್ಲಿರುತ್ತದೆ.

ಮೈಸೂರಿನ ಎರಡು ಹೆಸರಾಂತ ಅಧ್ಯಯನಗಳ ಹಿಂದೆ ಇದ್ದದ್ದು ಇದೇ ಸಾಮಾನ್ಯ ಕೆಲಸ: ಒಂದು ಹೆರಿಗೆ ಆಸ್ಪತ್ರೆಯ ದಾದಿಯರು ತಪ್ಪದೆ ತೂಕ ಬರೆದಿಟ್ಟಿದ್ದರು, ಸಂಶೋಧಕರು ಹಳ್ಳಿಯ ಹೆಂಗಸರನ್ನು ಒಲೆಯ ಬಗ್ಗೆ ಕೇಳಿ ಗಂಟೆಗಳನ್ನು ಬರೆದುಕೊಂಡರು. ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟ ಬಿಪಿ, ಶುಗರ್‌ಗಳ ಒಂದು ಪುಸ್ತಕ ಬಡಾವಣೆಯ ಕ್ಲಿನಿಕ್ಕಿನಲ್ಲಿ ಇದ್ದರೆ, ಆ ವೈದ್ಯರಿಗೆ ತಮ್ಮ ಊರಿನ ಕಾಯಿಲೆಗಳ ಬಗ್ಗೆ ಯಾವ ಸಭಾಂಗಣದಲ್ಲಿಯೂ ಸಿಗದ ಪಾಠ ಅದರಲ್ಲಿ ಸಿಗುತ್ತದೆ.